‘ತೂಫಾನ್ ಆಗಲಿಲ್ಲ’ ಅಂದರೆ ಏನು?

ಜೂನ್ ಕೊನೆಯ ಹೊತ್ತಿಗೆ ಉಡುಪಿ, ಮಂಗಳೂರು ಕಡೆಯ ಪತ್ರಿಕೆಗಳ ಒಳಪುಟದಲ್ಲಿ ಒಂದು ಸುದ್ದಿ ಆಗಾಗ ಕಾಣಿಸುತ್ತದೆ. ತೂಫಾನ್ ಏಳಲಿಲ್ಲ, ನಾಡದೋಣಿಯವರಿಗೆ ನಿರಾಸೆ ಅಂತ. ಘಟ್ಟದ ಮೇಲಿನವರು ಓದಿದರೆ ತಲೆ ಕೆರೆದುಕೊಳ್ಳಬೇಕು. ತೂಫಾನ್ ಅಂದರೆ ಬಿರುಗಾಳಿ ಅಲ್ವಾ? ಅದು ಬರಲಿಲ್ಲ ಅಂದರೆ ದೇವರಿಗೆ ಕಾಯಿ ಒಡೆಯುವ ವಿಷಯ. ಇವರು ಯಾಕೆ ಬೇಸರ ಮಾಡಿಕೊಂಡಿದ್ದಾರೆ?

ಪದ ನಮ್ಮದಲ್ಲ. ಅರಬ್ಬಿ, ಪಾರ್ಸಿ ಕಡೆಯಿಂದ ಬಂದದ್ದು. ಅರಬ್ಬಿಯಲ್ಲಿ ಲೋಕ ಮುಳುಗಿಸಿದ ಪ್ರಳಯದ ನೀರಿಗೂ ಇದೇ ಹೆಸರು. ಹಿಂದಿ ಸಿನಿಮಾದವರಿಗೆ ತೂಫಾನ್ ಅಂದರೆ ಗಾಳಿ, ಧೂಳು, ಗಲಾಟೆ. ಆದರೆ ನಮ್ಮ ಕರಾವಳಿಯ ಮೀನುಗಾರರು ಈ ಪದವನ್ನು ತಮ್ಮದೇ ಒಂದು ಕೆಲಸಕ್ಕೆ ಬಳಸಿಕೊಂಡಿದ್ದಾರೆ. ಮಳೆಗಾಲದ ಶುರುವಿಗೆ ಕಡಲು ತಳದಿಂದಲೇ ಕಲಕಿ ಏಳುತ್ತದಲ್ಲ, ಅದು ಅವರ ತೂಫಾನ್. ಗಾಳಿ ಜೋರಾಗಿ ಬೀಸಿ ನಾಲ್ಕು ಮರ ಬಿದ್ದ ಮಾತ್ರಕ್ಕೆ ತೂಫಾನ್ ಆಯಿತು ಅಂತ ಲೆಕ್ಕವಿಲ್ಲ. ನೀರು ಕದಡಬೇಕು, ಬಣ್ಣ ಬದಲಾಗಬೇಕು, ತಳದ ಕೆಸರು ಮೇಲೆ ಬರಬೇಕು.

ಹಾಗಾಗಿ ಚಂಡಮಾರುತ ಬೇರೆ, ತೂಫಾನ್ ಬೇರೆ. 2021ರ ಮೇ ತಿಂಗಳಲ್ಲಿ ಬಂದ ತೌಕ್ತೆ, 2023ರ ಜೂನ್‌ನಲ್ಲಿ ಬಂದ ಬಿಪರ್‌ಜಾಯ್, ಇವಕ್ಕೆ ಹೆಸರಿತ್ತು, ನಕ್ಷೆಯಲ್ಲಿ ದಾರಿಯೂ ಇತ್ತು. ತೂಫಾನಿಗೆ ಯಾರೂ ಹೆಸರಿಡುವುದಿಲ್ಲ. ಅದು ಮಳೆಗಾಲದ ಒಂದು ಹಂತ, ಅಷ್ಟೇ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ತೂಫಾನಿನ ನಡುವೆಯೇ ದೋಣಿ ಇಳಿಸುತ್ತಾರೆ ಅಂತ. ಹಾಗೇನಿಲ್ಲ. ಆಗ ದೋಣಿ ದಡದ ಮೇಲೆ, ಬಲೆ ಶೆಡ್ಡಿನೊಳಗೆ. ತೂಫಾನ್ ಎದ್ದು, ನಾಲ್ಕು ದಿನ ಅಬ್ಬರಿಸಿ, ಆಮೇಲೆ ಇಳಿಯಬೇಕು. ಆ ಇಳಿದ ಹೊತ್ತೇ ಹೊತ್ತು. ಎದ್ದೂ ಇಳಿಯದಿದ್ದರೆ ಕಷ್ಟ, ಏಳದೇ ಇದ್ದರೆ ಇನ್ನೂ ಕಷ್ಟ.

ಯಾರಿಗೆ ಇದು ಇಷ್ಟು ಮುಖ್ಯ? ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಮೀನುಗಾರಿಕೆಗೆ ರಜೆ. ಬೂತಾಯಿ (ಸಾರ್ಡಿನ್), ಬಂಗುಡೆಯಂಥ ಮೀನುಗಳು ಮೊಟ್ಟೆ ಇಡುವ ಕಾಲ ಅದು. ಮಲ್ಪೆ, ಮಂಗಳೂರು ಧಕ್ಕೆ, ಗಂಗೊಳ್ಳಿಯಲ್ಲಿ ಟ್ರಾಲ್ ಬೋಟ್, ಪರ್ಸೀನ್ ಬೋಟ್ ಎಲ್ಲ ಸಾಲಾಗಿ ಲಂಗರು ಹಾಕಿ ನಿಂತಿರುತ್ತವೆ. ಆಗ ಕಡಲಿಗೆ ಹೋಗಲು ಬಿಡುವುದು ಸಾಂಪ್ರದಾಯಿಕ ನಾಡದೋಣಿಗಳಿಗೆ ಮತ್ತು 10 ಅಶ್ವಶಕ್ತಿಯವರೆಗಿನ ಎಂಜಿನ್ ಇರುವ ದೋಣಿಗಳಿಗೆ ಮಾತ್ರ. ಮರವಂತೆ, ಕೋಡೇರಿ, ಉಪ್ಪುಂದದಂಥ ಊರುಗಳಲ್ಲಿ ಎಷ್ಟೋ ಮನೆಗಳ ಸಂಪಾದನೆ ಈ ಎರಡು ತಿಂಗಳ ಮೇಲೆ ನಿಂತಿದೆ. ಮಾಟುಬಲೆ, ಅಂದರೆ ಮೀನಿನ ಗುಂಪನ್ನು ಸುತ್ತುವರಿಯುವ ದೊಡ್ಡ ಬಲೆ, ಹಾಕುವ ಒಂದು ಗುಂಪು ಅಂದರೆ ಹತ್ತಾರು ಜನ. ಸಿಕ್ಕಿದ್ದರಲ್ಲಿ ಎಲ್ಲರಿಗೂ ಪಾಲು.

ಈ ಸಣ್ಣ ದೋಣಿಗಳು ತುಂಬಾ ದೂರ ಹೋಗಲಾರವು. ಮೀನೇ ಹತ್ತಿರ ಬರಬೇಕು. ಅದನ್ನು ಹತ್ತಿರ ತರುವುದು ತೂಫಾನ್.

ಹೇಗೆ ತರುತ್ತದೆ? ಮೀನುಗಾರರ ವಿವರಣೆ ಸರಳ. ತಳ ಕಲಕಿದರೆ ಅಲ್ಲಿ ಅಡಗಿದ್ದ ಸಿಗಡಿ ಏಳುತ್ತದೆ, ಮೇವು ಏಳುತ್ತದೆ, ಮೇವಿನ ಹಿಂದೆ ಮೀನು ದಡದ ಕಡೆ ಬರುತ್ತದೆ. ಇದರಲ್ಲಿ ತಳ್ಳಿಹಾಕುವಂಥದ್ದು ಏನೂ ಇಲ್ಲ. ಮಳೆಗಾಲದ ದೊಡ್ಡ ಅಲೆ ಆಳವಿಲ್ಲದ ನೀರಿಗೆ ಬಂದಾಗ ತಳವನ್ನು ಮುಟ್ಟಿಯೇ ಮುಟ್ಟುತ್ತದೆ. ಕೆಸರಿನಲ್ಲಿ ಕೂತಿದ್ದ ಸತ್ವ ನೀರಿಗೆ ಬೆರೆಯುತ್ತದೆ.

ಹೊಳೆಗಳದ್ದೂ ದೊಡ್ಡ ಪಾಲಿದೆ. ನೇತ್ರಾವತಿ, ಸ್ವರ್ಣಾ, ಸೌಪರ್ಣಿಕಾ, ಶರಾವತಿ, ಕಾಳಿ, ಎಲ್ಲವೂ ಘಟ್ಟದ ಮಣ್ಣು ಹೊತ್ತು ಕೆಂಪಗೆ ಕಡಲು ಸೇರುವ ಕಾಲ ಇದು. ಸಿಗಡಿಯ ಬದುಕೇ ಒಂದು ವಿಚಿತ್ರ. ಹಲವು ಜಾತಿಯ ಸಿಗಡಿ ಮೊಟ್ಟೆ ಇಡುವುದು ಕಡಲಲ್ಲಿ, ಮರಿ ಬೆಳೆಯುವುದು ಅಳಿವೆಯ (ಹೊಳೆ ಕಡಲು ಸೇರುವ ಬಾಯಿಯ) ಒಳಗಿನ ಹಿನ್ನೀರಿನಲ್ಲಿ. ಮಳೆ ಬಂದು ಆ ನೀರು ಸಿಹಿಯಾಗುತ್ತಿದ್ದಂತೆ ಬೆಳೆದ ಸಿಗಡಿ ಪ್ರವಾಹದ ಜೊತೆ ಮತ್ತೆ ಕಡಲಿಗೆ ಇಳಿಯುತ್ತದೆ. ಮಳೆಗಾಲದಲ್ಲಿ ನಾಡದೋಣಿಯವರ ಬಲೆಯಲ್ಲಿ ಸಿಗಡಿ ಕಾಣಿಸುವುದಕ್ಕೆ ಇದೂ ಒಂದು ಕಾರಣ.

ವಿಜ್ಞಾನಿಗಳು ಮೂರನೆಯದೊಂದು ಸೇರಿಸುತ್ತಾರೆ. ಮಳೆಗಾಲದಲ್ಲಿ ಆಳದ ತಣ್ಣೀರು ನಿಧಾನವಾಗಿ ಕರಾವಳಿಯ ಕಡೆ ಮೇಲೇರುತ್ತದೆ. ಅದರಲ್ಲಿ ಸತ್ವ ಜಾಸ್ತಿ, ಆಮ್ಲಜನಕ ಕಡಿಮೆ. ಸತ್ವದಿಂದ ಕಣ್ಣಿಗೆ ಕಾಣದ ಸಸ್ಯಗಳು ಹಬ್ಬುತ್ತವೆ, ಬೂತಾಯಿಗೆ ಅದೇ ಊಟ. ಆಮ್ಲಜನಕ ಕಡಿಮೆ ಇರುವ ನೀರಿನಲ್ಲಿ ಉಸಿರುಕಟ್ಟಿದ ಮೀನು ದಡದ ಕಡೆ ಸರಿಯುತ್ತದೆ. ಆದರೆ ಇದು ಮೊದಲು ಶುರುವಾಗುವುದು ಕನ್ಯಾಕುಮಾರಿ, ಕೊಲ್ಲಂ ಕಡೆ. ಉತ್ತರಕ್ಕೆ ಬರಲು ಸಮಯ ಹಿಡಿಯುತ್ತದೆ, ನಮ್ಮಲ್ಲಿ ಜೋರಾಗುವುದು ಆಗಸ್ಟ್, ಸೆಪ್ಟೆಂಬರ್‌ಗೆ. ಹಾಗಾಗಿ ಜೂನ್ ಕೊನೆಯ ಮೀನಿಗೆ ಕೆಸರು ಮತ್ತು ಹೊಳೆನೀರಿನ ಪಾಲೇ ದೊಡ್ಡದು ಅಂತ ನನಗನಿಸುತ್ತದೆ. ಅಂದರೆ ದೋಣಿಯವರ ವಿವರಣೆಯೇ ಹತ್ತಿರ.

ಕೇರಳದ ‘ಚಾಕರ’ವನ್ನೂ ಕೆಲವರು ಇದಕ್ಕೇ ಸೇರಿಸುತ್ತಾರೆ. ಅದು ಬೇರೆ. ಆಲಪ್ಪುಳ ಕಡೆ ನೀರಿನಲ್ಲಿ ತೇಲುವ ಕೆಸರು ಅಲೆಯನ್ನೇ ಅಡಗಿಸಿ, ಅಬ್ಬರದ ಕಡಲಿನ ನಡುವೆ ಶಾಂತವಾದ ಒಂದು ಜಾಗ ಮಾಡಿಕೊಡುತ್ತದೆ. ಅಲ್ಲಿ ಮೀನು ಸೇರುತ್ತದೆ, ದೋಣಿಯೂ ಸೇರುತ್ತದೆ. ನಮ್ಮ ತೂಫಾನ್ ಕಲಕುವ ಮಾತು, ಅವರ ಚಾಕರ ತಣಿಯುವ ಮಾತು.

ಮಳೆ ಬೇಗ ಬಂದರೆ ತೂಫಾನೂ ಬೇಗ ಅಂತ ಹೇಳಲಾಗದು. 2023ರಲ್ಲಿ ಮುಂಗಾರು ಕೇರಳ ಮುಟ್ಟಿದ್ದು ಜೂನ್ 8ಕ್ಕೆ, 2025ರಲ್ಲಿ ಮೇ 24ಕ್ಕೇ. ಎರಡು ವಾರದ ವ್ಯತ್ಯಾಸ. ಆದರೆ ಮೀನುಗಾರರು ನೋಡುವುದು ಕ್ಯಾಲೆಂಡರ್ ಅಲ್ಲ, ನೀರಿನ ಬಣ್ಣ. ಮಳೆ ಧೋ ಎಂದು ಸುರಿದೂ ಕಡಲು ಸುಮ್ನೆ ಇರಬಹುದು. ತೂಫಾನ್ ತಡವಾದಷ್ಟೂ ಅವರ ದಿನ ಕರಗುತ್ತದೆ. ಆಗಸ್ಟ್ 1 ಬಂತೋ, ದೊಡ್ಡ ಬೋಟುಗಳು ಹೊರಡುತ್ತವೆ.

ತೂಫಾನ್ ಆದ ಕೂಡಲೇ ಮೀನು ಗ್ಯಾರಂಟಿ ಅಂತಲೂ ಅಲ್ಲ. ಬೂತಾಯಿಯ ಚಂಚಲತೆ ಎಲ್ಲರಿಗೂ ಗೊತ್ತು. ಪಕ್ಕದ ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿದ್ದ ಈ ಮೀನು 2021ರಲ್ಲಿ ಬರೀ 3,297 ಟನ್ನಿಗೆ ಇಳಿದಿತ್ತು. ಇಂಥ ವರ್ಷ ಪತ್ರಿಕೆಗಳು ‘ಮತ್ಸ್ಯಕ್ಷಾಮ’ ಅಂತ ಬರೆಯುತ್ತವೆ. ದಡದಲ್ಲಿ ಯಾರೂ ಆ ಪದ ಆಡುವುದನ್ನು ನಾನು ಕೇಳಿಲ್ಲ. ಮೀನಿಲ್ಲ ಮಾರಾಯ್ರೆ ಅನ್ನುತ್ತಾರೆ, ಅಷ್ಟೇ.

ಅಪಾಯದ ಮಾತನ್ನೂ ಹೇಳಬೇಕು. ಇಳಿದ ತೂಫಾನ್ ಅಂದರೆ ಶಾಂತ ಕಡಲಲ್ಲ. ಅಳಿವೆ ಬಾಗಿಲಲ್ಲಿ ಹೊಳೆಯ ಸೆಳೆತ ಹೊರಗೆ, ಅಲೆಯ ಹೊಡೆತ ಒಳಗೆ. ಕೆಳಗೆ ಹೂಳು. ದೋಣಿ ಮಗುಚುವುದು ಬಹಳ ಸಲ ಅಲ್ಲಿಯೇ. ಅಲೆಯ ಎತ್ತರದ ಮುನ್ಸೂಚನೆಯನ್ನು ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕೊಡುತ್ತದೆ. ಈಗ ಅದು ಮೊಬೈಲಿಗೇ ಬರುತ್ತದೆ. ಆದರೂ ದೋಣಿ ಇಳಿಸುವ ಮೊದಲು ಹಿರಿಯರೊಬ್ಬರು ಮರಳ ಮೇಲೆ ನಿಂತು ಸ್ವಲ್ಪ ಹೊತ್ತು ಕಡಲನ್ನೇ ನೋಡುವುದು ತಪ್ಪಿಲ್ಲ.

ಜೂನ್ ಕೊನೆಗೆ ಮಂಗಳೂರಿನ ಮಾರುಕಟ್ಟೆಯಲ್ಲಿ ಐಸಿನ ಮೀನು ಕಂಡರೆ ಅದು ಪೂರ್ವ ಕರಾವಳಿಯದ್ದು ಇರಬಹುದು. ಅಲ್ಲಿಯ ರಜೆ ಏಪ್ರಿಲ್ 15ರಿಂದ ಜೂನ್ 14ರವರೆಗೆ, ನಮಗಿಂತ ಮೊದಲೇ ಮುಗಿಯುತ್ತದೆ. ಊರಿನ ತಾಜಾ ಸಿಗಡಿ ಬೇಕಿದ್ದರೆ ಬುಟ್ಟಿ ಇಟ್ಟು ಕೂತ ಅಮ್ಮನ ಹತ್ತಿರ ಕೇಳಿ. ‘ತೂಫಾನ್ ಆಗಲಿ, ಮತ್ತೆ ಬನ್ನಿ’ ಅಂದರೆ ಗಾಬರಿಯಾಗಬೇಡಿ.