ತಂತಿಯ ಎರಡು ತುದಿ, 120 ಓಂ

ಕ್ರೇನಿನ ಹಗ್ಗ ಸುತ್ತುವ ಡ್ರಮ್‌ಗೆ ಕೂರಿಸಿದ ಎನ್‌ಕೋಡರ್ (ಡ್ರಮ್ ಎಷ್ಟು ತಿರುಗಿದೆಯೆಂದು ಸಂಖ್ಯೆಯಲ್ಲಿ ಹೇಳುವ ಸಾಧನ) ಆಗಾಗ ನೆಟ್‌ವರ್ಕಿನಿಂದ ಮಾಯವಾಗುತ್ತದೆ. ಪ್ಯಾನೆಲ್ ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಬರುತ್ತದೆ. ‘ಎನ್‌ಕೋಡರ್ ಹೋಗಿದೆ’ ಎಂದು ಹೊಸದು ತರಿಸುತ್ತಾರೆ. ವಾರದೊಳಗೆ ಅದೂ ಹಾಗೇ ಆಡುತ್ತದೆ. ಆಮೇಲೆ ಕೇಬಲ್ಲಿಗೆ, ಅರ್ಥಿಂಗಿಗೆ, ಕೊನೆಗೆ ಗ್ರಹಚಾರಕ್ಕೆ ದೂರು. ಯಂತ್ರದ ಸಾಧನಗಳು ಒಂದು ಜೋಡಿ ತಂತಿಯ ಮೇಲೆ ಪರಸ್ಪರ ಮಾತಾಡುವ ಕ್ಯಾನ್‌ಓಪನ್ ನೆಟ್‌ವರ್ಕಿನಲ್ಲಿ ಇಂಥ ಕಾಟ ಬಂದಾಗ ಮೊದಲು ನೋಡಬೇಕಾದದ್ದು ತಂತಿಯ ಎರಡು ತುದಿಗಳಲ್ಲಿರಬೇಕಾದ 120 ಓಂನ ಎರಡು ರೆಸಿಸ್ಟರ್‌ಗಳನ್ನು.

ಸಪ್ಲೈ ಆಫ್ ಮಾಡಿ, ಕ್ಯಾನ್-ಹೈ ಮತ್ತು ಕ್ಯಾನ್-ಲೋ ತಂತಿಗಳ ನಡುವೆ ಮಲ್ಟಿಮೀಟರ್ ಹಿಡಿಯಿರಿ. 60 ಓಂ ಆಸುಪಾಸು ಬಂದರೆ ಎರಡೂ ರೆಸಿಸ್ಟರ್ ಇವೆ. 120 ಬಂದರೆ ಒಂದಿಲ್ಲ. 40 ಬಂದರೆ ಮೂರನೆಯದೊಂದು ಸೇರಿಕೊಂಡಿದೆ. ಎನ್‌ಕೋಡರಿನ ಹಿಂಬದಿ ಮುಚ್ಚಳದೊಳಗೆ ಅದರದೇ ರೆಸಿಸ್ಟರನ್ನು ಜೋಡಿಸುವ ಪುಟ್ಟ ಸ್ವಿಚ್ಚನ್ನು ಯಾರೋ ಆನ್ ಮಾಡಿರಬಹುದು. ಎನ್‌ಕೋಡರ್ ಸಾಲಿನ ಕೊನೆಯಲ್ಲಿದ್ದರೆ ಮಾತ್ರ ಅದು ಆನ್ ಇರಬೇಕು. ‘ರೆಸಿಸ್ಟರ್ ಜಾಸ್ತಿಯಾದಷ್ಟೂ ಭದ್ರ’ ಎನ್ನುವುದು ಶುದ್ಧ ತಪ್ಪು. ಇನ್ನೊಂದು ಮಾತು: ಮೀಟರ್ 60 ತೋರಿಸಿದ ಮಾತ್ರಕ್ಕೆ ಅವು ತುದಿಯಲ್ಲೇ ಇವೆ ಎಂದಲ್ಲ. ಕೇಬಲ್ ಹಿಡಿದುಕೊಂಡು ಹೋಗಿ ಕಣ್ಣಾರೆ ನೋಡಬೇಕು.

ತುದಿಯಲ್ಲೇ ಏಕೆ? ಹಗ್ಗದ ಒಂದು ತುದಿಯನ್ನು ಕಂಬಕ್ಕೆ ಕಟ್ಟಿ ಇನ್ನೊಂದನ್ನು ಜಾಡಿಸಿ. ಅಲೆ ಕಂಬದವರೆಗೆ ಹೋಗಿ ಮಗುಚಿಕೊಂಡು ವಾಪಸ್ ಬರುತ್ತದೆ. ಹರಿಯುವ ಕಾಲುವೆಗೆ ತಟ್ಟನೆ ಅಡ್ಡಹಲಗೆ ಇಳಿಸಿದರೆ ನೀರು ಹಿಮ್ಮರಳುತ್ತದೆ. ವಿಜಯಪುರದ ಗೋಲಗುಮ್ಮಟದಲ್ಲಿ ಒಂದು ಚಪ್ಪಾಳೆ ಹಲವು ಸಲ ಕೇಳಿಸುತ್ತದೆ. ಅಲ್ಲಿ ಒಂದೊಂದೇ ಪದ ಬಿಡಿಸಿ ಹೇಳಿದರೆ ತಿಳಿದೀತು, ಗಡಗಡ ಮಾತಾಡಿದರೆ ಹಿಂದಿನ ಪದದ ಪ್ರತಿಧ್ವನಿ ಮುಂದಿನದರ ಮೇಲೆ ಬೀಳುತ್ತದೆ. ತಂತಿಯಲ್ಲೂ ಇದೇ ಕಥೆ. ಸಂಕೇತ ಒಂದು ಮೀಟರ್ ದಾಟಲು ಸುಮಾರು 5 ನ್ಯಾನೊಸೆಕೆಂಡ್ ಬೇಕು. 40 ಮೀಟರ್ ಕೇಬಲಿನ ತುದಿ ಮುಟ್ಟಿ ಬರಲು 400. ಸೆಕೆಂಡಿಗೆ 125 ಕಿಲೋಬಿಟ್ ವೇಗದಲ್ಲಿ ಒಂದೊಂದು ಬಿಟ್ 8000 ನ್ಯಾನೊಸೆಕೆಂಡ್ ನಿಲ್ಲುತ್ತದೆ, ಪ್ರತಿಧ್ವನಿ ಅಡಗಲು ಬೇಕಾದಷ್ಟು ಹೊತ್ತು. 1 ಮೆಗಾಬಿಟ್ಟಿಗೆ ಏರಿಸಿದಿರೋ, ಸಿಗುವುದು 1000 ಮಾತ್ರ. ಟೇಬಲ್ ಮೇಲೆ ಎರಡು ಮೀಟರ್ ತಂತಿಯಲ್ಲಿ ಸೊಗಸಾಗಿ ನಡೆದದ್ದು ಸೈಟಿನಲ್ಲಿ ಕೈಕೊಡುವುದು ಇದಕ್ಕೇ. ಸಾಗುವ ಅಲೆಗೆ ಕೇಬಲ್ ಒಡ್ಡುವ ಸಹಜ ತಡೆಯೂ ಸುಮಾರು 120 ಓಂ. ಹಾಗಾಗಿ ತುದಿಗೆ ಬಂದ ಅಲೆಗೆ ತಂತಿ ಮುಗಿದದ್ದೇ ಗೊತ್ತಾಗುವುದಿಲ್ಲ. ರೆಸಿಸ್ಟರಿನೊಳಗೆ ಶಾಖವಾಗಿ ಕರಗಿಹೋಗುತ್ತದೆ.

ಮತ್ತೆ ಆಫ್-ಆನ್ ಮಾಡಿದರೆ ವಾಸಿಯಾಗುವುದೇಕೆ? ಕ್ಯಾನ್‌ಓಪನ್‌ಗೆ ಬುನಾದಿ ಕ್ಯಾನ್. ಕಾರುಗಳಿಗೆಂದು ಬಾಷ್ ಕಂಪನಿ ರೂಪಿಸಿ 1986ರಲ್ಲಿ ಜಗತ್ತಿಗೆ ತೋರಿಸಿದ ಈ ಕ್ಯಾನ್‌ನಲ್ಲಿ ಪ್ರತಿ ಸಾಧನವೂ ತನ್ನ ತಪ್ಪುಗಳ ಲೆಕ್ಕ ಇಟ್ಟುಕೊಳ್ಳುತ್ತದೆ. ಕಳಿಸುವಾಗ ಒಂದು ತಪ್ಪಾದರೆ 8 ಕೂಡು, ಒಂದು ಸರಿಯಾದರೆ 1 ಕಳೆ. ಲೆಕ್ಕ 255 ದಾಟಿದರೆ ಸಾಧನ ತಾನಾಗಿ ನೆಟ್‌ವರ್ಕಿನಿಂದ ಹೊರಗುಳಿಯುತ್ತದೆ, ಉಳಿದವರ ಮಾತು ಕೆಡದಿರಲಿ ಎಂದು. ಎಷ್ಟು ಮರ್ಯಾದಸ್ಥ ವ್ಯವಸ್ಥೆ! ಪವರ್ ತೆಗೆದು ಕೊಟ್ಟಾಗ ಲೆಕ್ಕ ಸೊನ್ನೆಯಾಗುತ್ತದೆ, ರೋಗ ಹಾಗೇ ಉಳಿಯುತ್ತದೆ.

ಜೋಡಣೆ ಕಷ್ಟದ್ದೇನಲ್ಲ. ಮುಚ್ಚಳದೊಳಗಿನ ತಿರುಗು ಸ್ವಿಚ್‌ಗಳಲ್ಲಿ ನೋಡ್ ನಂಬರನ್ನೂ (ನೆಟ್‌ವರ್ಕಿನಲ್ಲಿ ಆ ಸಾಧನದ ಸಂಖ್ಯೆ) ವೇಗವನ್ನೂ ಇಡಿ. ಹಲವು ಎನ್‌ಕೋಡರ್‌ಗಳು ಅದನ್ನು ಪವರ್ ಬಂದಾಗ ಮಾತ್ರ ಓದುತ್ತವೆ. ಸಾಧನದ ವಿವರಗಳಿರುವ ತಯಾರಕರ ಇಡಿಎಸ್ ಫೈಲನ್ನು, ಯಂತ್ರವನ್ನು ನಡೆಸುವ ಕಂಟ್ರೋಲರ್ ಆದ ಪಿಎಲ್‌ಸಿಯ ಸಾಫ್ಟ್‌ವೇರಿಗೆ ಹಾಕಿ. ನೋಡ್ 5 ಆದರೆ ಎದ್ದ ಕೂಡಲೇ ಹೆಕ್ಸ್ (ಹದಿನಾರರ ಎಣಿಕೆ) 705 ಎಂಬ ವಿಳಾಸದಲ್ಲಿ ಒಂದು ಸಂದೇಶ ಬರುತ್ತದೆ. ಆಮೇಲೆ ಮೌನ. ಇಲ್ಲಿ ಅನೇಕರು ಗಾಬರಿಯಾಗುತ್ತಾರೆ. ಅದು ಅಪ್ಪಣೆಗೆ ಕಾಯುತ್ತಿದೆ, ಅಷ್ಟೆ: 000 ವಿಳಾಸದಲ್ಲಿ 01 05 ಕಳಿಸಿ, 185ರಲ್ಲಿ ಸ್ಥಾನ ಬರತೊಡಗುತ್ತದೆ. 10 27 00 00 ಎಂದು ಬಂದರೆ ಕಿರಿಯ ಬೈಟ್ ಮೊದಲು ಎಂದು ಓದಬೇಕು: ಹೆಕ್ಸ್ 2710, ಅಂದರೆ 10000. ಎಡದಿಂದ ಬಲಕ್ಕೆ ಓದಿದರೆ 27 ಕೋಟಿ ದಾಟುತ್ತದೆ.

ಇನ್ನೊಂದು ಬಲೆ ಗ್ರೇ ಕೋಡ್, ಸಂಖ್ಯೆಗಳನ್ನು 0 ಮತ್ತು 1ರಲ್ಲಿ ಬರೆಯುವ ಇನ್ನೊಂದು ಕ್ರಮ. ಹೆಸರು ಬಂದದ್ದು ಬೆಲ್ ಲ್ಯಾಬ್ಸ್‌ನ ಫ್ರಾಂಕ್ ಗ್ರೇ ಅವರಿಂದ. ಪೇಟೆಂಟ್ ಸಿಕ್ಕಿದ್ದು 1953ರಲ್ಲಿ. ಬೈನರಿಯಲ್ಲಿ 7ರಿಂದ 8ಕ್ಕೆ ಹೋಗುವಾಗ 0111 ಹೋಗಿ 1000 ಆಗಿ ನಾಲ್ಕೂ ಬಿಟ್ ಒಟ್ಟಿಗೆ ಬದಲಾಗಬೇಕು. ಒಂದು ಚೂರು ತಡವಾದರೂ ಸುಳ್ಳು ಸಂಖ್ಯೆ. ಗ್ರೇ ಕೋಡಿನಲ್ಲಿ ಬದಲಾಗುವುದು ಒಂದೇ ಬಿಟ್. ಆದರೆ ಇಂಥ ಎನ್‌ಕೋಡರ್ ನೆಟ್‌ವರ್ಕಿಗೆ ಕೊಡುವುದು ಬೈನರಿಯನ್ನೇ. ಹಳೆಯ ಪ್ಯಾರಲಲ್ ಎನ್‌ಕೋಡರಿಗೆ ಬರೆದ ಗ್ರೇ ಪರಿವರ್ತನೆ ಪ್ರೋಗ್ರಾಮಿನಲ್ಲಿ ಉಳಿದಿದ್ದರೆ ತೆಗೆದುಹಾಕಿ.

ಕೊನೆಗೆ ಪ್ರಿಸೆಟ್, ಅಂದರೆ ಈಗಿರುವ ಸ್ಥಾನಕ್ಕೆ ನಮಗೆ ಬೇಕಾದ ಸಂಖ್ಯೆ ಕೊಡುವುದು. ಯಂತ್ರ ನಿಂತಿರುವಾಗ, ಗೊತ್ತಿರುವ ಗುರುತಿಗೆ ತಂದು, ಎನ್‌ಕೋಡರಿನೊಳಗಿನ ಹೆಕ್ಸ್ 6003 ಎಂಬ ಖಾನೆಗೆ ಬೇಕಾದ ಸಂಖ್ಯೆ ಬರೆಯಿರಿ. ಅದು 0 ಮಾತ್ರ ಆಗಬಾರದು. ಒಂದು ಸುತ್ತಿಗೆ 8192 ಹೆಜ್ಜೆ, 4096 ಸುತ್ತು ಎಣಿಸುವ ಎನ್‌ಕೋಡರಿನಲ್ಲಿ 0ಯಿಂದ ಒಂದು ಹೆಜ್ಜೆ ಹಿಂದೆ ಹೋದರೆ ಬರುವುದು 3,35,54,431. ಹಗ್ಗ ಕೊಂಚ ಸಡಿಲವಾದರೂ ಸಾಕು, ಕೊಕ್ಕೆ ಮೇಲಿನ ಮಿತಿ ದಾಟಿತೆಂದು ಪಿಎಲ್‌ಸಿ ಕ್ರೇನನ್ನು ನಿಲ್ಲಿಸಿಬಿಡುತ್ತದೆ. ಕೆಳಗಿನ ಗುರುತಿಗೆ 1,00,000 ಕೊಟ್ಟರೆ ಹನ್ನೆರಡು ಸುತ್ತು ಹಿಂದೆ ಹೋಗಲು ಜಾಗ ಇರುತ್ತದೆ.