ಪ್ರಾಣಿಗಳ ಸಂಖ್ಯೆ ಹೆಚ್ಚಿದರೆ ಯೋಜನೆ ಗೆದ್ದಂತೆಯೇ?

ಪ್ರಶ್ನೆ: ವನ್ಯಜೀವಿಗಳ ರಕ್ಷಣೆಗೆಂದು ಒಂದಲ್ಲ ಒಂದು ಕ್ರಮ ಜಾರಿಯಾಗುತ್ತಲೇ ಇರುತ್ತದೆ. ಕೆಲವು ವರ್ಷಗಳ ನಂತರ ‘ಸಂಖ್ಯೆ ಹೆಚ್ಚಿದೆ, ಯೋಜನೆ ಯಶಸ್ವಿ’ ಎಂಬ ಸುದ್ದಿ ಬರುತ್ತದೆ. ಅದು ಆ ಕ್ರಮದಿಂದಲೇ ಆಯಿತೆಂದು ಹೇಗೆ ನಂಬುವುದು?

ಉತ್ತರ: ಸಂಖ್ಯೆ ಹೆಚ್ಚಿದೆ ಎಂಬ ಒಂದೇ ಮಾತಿನ ಮೇಲೆ ನಂಬಲಾಗದು. ಆ ವರ್ಷಗಳಲ್ಲಿ ಮಳೆ ಚೆನ್ನಾಗಿ ಆಗಿರಬಹುದು, ರೋಗವೊಂದು ಹಿಂದೆ ಸರಿದಿರಬಹುದು. ಗಣತಿಗೆ ಹೆಚ್ಚು ಕ್ಯಾಮೆರಾ ಟ್ರ್ಯಾಪ್ ಹಾಕಿದ್ದರಿಂದ, ಮೊದಲೂ ಅಲ್ಲೇ ಇದ್ದ ಪ್ರಾಣಿಗಳು ಈಗ ಲೆಕ್ಕಕ್ಕೆ ಸಿಕ್ಕಿರಬಹುದು. ಕೇಳಬೇಕಾದ ಪ್ರಶ್ನೆ ಒಂದೇ: ಆ ಕ್ರಮ ಕೈಗೊಳ್ಳದೇ ಇದ್ದಿದ್ದರೆ ಅಲ್ಲಿ ಏನಾಗುತ್ತಿತ್ತು? ನಡೆಯದೇ ಹೋದದ್ದನ್ನು ಯಾರೂ ಕಣ್ಣಾರೆ ಕಾಣಲಾರರು. ಆದ್ದರಿಂದ ಅದಕ್ಕೆ ಆದಷ್ಟು ಹತ್ತಿರವಾದ ಹೋಲಿಕೆಯನ್ನು ಹುಡುಕಿಕೊಳ್ಳಬೇಕು.

ಹೋಲಿಕೆ ಎಷ್ಟು ಅಚ್ಚುಕಟ್ಟಾಗಿರಬಹುದು ಎನ್ನುವುದಕ್ಕೆ ಬೋಟ್ಸ್ವಾನಾದ ಒಕವಾಂಗೊ ಪ್ರದೇಶದಲ್ಲಿ ನಡೆದ ಪ್ರಯೋಗವೊಂದನ್ನು ನೋಡಿ. ಅಲ್ಲಿ ಸಿಂಹಗಳು ದನಗಳನ್ನು ಹಿಡಿಯುತ್ತವೆ, ದನ ಕಳೆದುಕೊಂಡವರು ಸಿಂಹಗಳನ್ನು ಕೊಲ್ಲುತ್ತಾರೆ. ಹೊಂಚು ಹಾಕಿ ಬೇಟೆಯಾಡುವ ಪ್ರಾಣಿಗೆ, ಎದುರಿನದು ತನ್ನನ್ನು ನೋಡಿಬಿಟ್ಟಿತು ಅನ್ನಿಸಿದರೆ ಬೇಟೆಯ ಉತ್ಸಾಹ ಇಳಿಯುತ್ತದೆ. ಹಾಗಾದರೆ ದನದ ಹಿಂಭಾಗದಲ್ಲಿ ಎರಡು ದೊಡ್ಡ ಕಣ್ಣು ಬರೆದರೆ ಹೇಗೆ? ಬರೀ ಬರೆದು ಬಿಟ್ಟಿದ್ದರೆ ಏನೂ ತಿಳಿಯುತ್ತಿರಲಿಲ್ಲ. ಸಂಶೋಧಕರು 14 ಹಿಂಡುಗಳನ್ನು ಆರಿಸಿಕೊಂಡು, ಪ್ರತಿ ಹಿಂಡಿನ ಕೆಲವು ದನಗಳಿಗೆ ಕಣ್ಣುಗಳನ್ನು ಬರೆದರು, ಕೆಲವಕ್ಕೆ ಬರೀ ಒಂದನ್ನೊಂದು ಕತ್ತರಿಸುವ ಅಡ್ಡಗೆರೆಗಳ ಗುರುತು ಹಾಕಿದರು, ಉಳಿದವನ್ನು ಹಾಗೆಯೇ ಬಿಟ್ಟರು. ಎಲ್ಲವೂ ಒಟ್ಟಿಗೇ ಮೇಯುವ ದನಗಳು, ಅದೇ ಕಾಡು, ಅವೇ ಸಿಂಹಗಳು. ಅಡ್ಡಗೆರೆ ಏಕೆಂದರೆ, ಸಿಂಹ ಹೆದರಿದ್ದು ಕಣ್ಣಿಗೋ ಬಣ್ಣಕ್ಕೋ ಎಂಬುದನ್ನು ಬೇರ್ಪಡಿಸಬೇಕಿತ್ತು. 2020ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ನಾಲ್ಕು ವರ್ಷಗಳಲ್ಲಿ ಗುರುತಿಲ್ಲದ 835 ದನಗಳಲ್ಲಿ 15 ಬೇಟೆಗೆ ಬಲಿಯಾದವು, ಅಡ್ಡಗೆರೆಯ 543ರಲ್ಲಿ 4. ಕಣ್ಣು ಬರೆದ 683ರಲ್ಲಿ ಒಂದೂ ಇಲ್ಲ. ಅಡ್ಡಗೆರೆಯ ಗುಂಪು ಇಲ್ಲದಿದ್ದರೆ, ಬರೀ ಗುರುತಿಗೂ ಸ್ವಲ್ಪ ಫಲವಿದೆ ಎಂಬುದು ಗೊತ್ತಾಗುತ್ತಲೇ ಇರಲಿಲ್ಲ. ಹಿಂಡಿನ ಎಲ್ಲ ದನಗಳಿಗೂ ಕಣ್ಣು ಬರೆದರೆ ಸಿಂಹಗಳು ಅದಕ್ಕೆ ಒಗ್ಗಿಕೊಳ್ಳುತ್ತವೆಯೇ ಎಂಬುದಕ್ಕೆ ಈ ಪ್ರಯೋಗ ಉತ್ತರ ಕೊಡುವುದಿಲ್ಲ. ಅದನ್ನು ಬೇರೆಯಾಗಿಯೇ ಪರೀಕ್ಷಿಸಬೇಕು.

ಬ್ರಿಟನ್ನಿನ ಬಾವಲಿಗಳ ಕಥೆ ನನ್ನನ್ನು ಇನ್ನೂ ಹೆಚ್ಚು ಕಾಡುತ್ತದೆ. ಅಲ್ಲಿ ರಸ್ತೆಗಳು ಬಾವಲಿಗಳ ಹಾರಾಟದ ದಾರಿಯನ್ನು ತುಂಡರಿಸಿದ ಕಡೆ, ರಸ್ತೆಯ ಮೇಲೆ ಎತ್ತರದಲ್ಲಿ ಅಡ್ಡಲಾಗಿ ತಂತಿಗಳನ್ನು ಬಿಗಿದರು. ತನ್ನ ಕೂಗಿನ ಪ್ರತಿಧ್ವನಿಯಿಂದಲೇ ದಾರಿ ಅರಿಯುವ ಬಾವಲಿ ಆ ತಂತಿಗಳ ಜಾಡು ಹಿಡಿದು ವಾಹನಗಳಿಗಿಂತ ಮೇಲೆ ಹಾರಿ ದಾಟೀತು ಎಂಬುದು ಎಣಿಕೆ. ಕೊನೆಗೆ ಸಂಶೋಧಕರಿಬ್ಬರು, ಬಾವಲಿಗಳು ಎಲ್ಲಿ, ಎಷ್ಟು ಎತ್ತರದಲ್ಲಿ ದಾಟುತ್ತವೆ ಎಂದು ದಾಖಲಿಸಿ 2012ರಲ್ಲಿ ಪ್ರಕಟಿಸಿದರು. ತಂತಿಗಳನ್ನು ಬಳಸಿದ್ದು ತೀರಾ ಕೆಲವು. ಹೆಚ್ಚಿನವು ತಮ್ಮ ಹಳೆಯ ದಾರಿಯಲ್ಲೇ, ವಾಹನಗಳು ಬಡಿಯುವ ಎತ್ತರದಲ್ಲೇ ಹಾರುತ್ತಿದ್ದವು. ತಂತಿ ಕಟ್ಟಿ 9 ವರ್ಷ ಕಳೆದಿದ್ದ ಜಾಗದಲ್ಲೂ ಅವಕ್ಕೆ ಅದು ರೂಢಿಯಾಗಿರಲಿಲ್ಲ. ಕಟ್ಟಿದ ತಂತಿ, ತೂಗುಹಾಕಿದ ಗೂಡುಪೆಟ್ಟಿಗೆ, ಹಮ್ಮಿಕೊಂಡ ಜಾಗೃತಿ ಶಿಬಿರ ಎಲ್ಲವೂ ಖರ್ಚಾದ ಶ್ರಮದ ಲೆಕ್ಕ. ಉಳಿದ ಜೀವಗಳ ಲೆಕ್ಕವನ್ನು ಬೇರೆಯೇ ಇಡಬೇಕು. ವರದಿಯೊಂದನ್ನು ಓದುವಾಗ ನಾನು ಮೊದಲು ಹುಡುಕುವುದು ಈ ಎರಡನೆಯ ಲೆಕ್ಕವನ್ನೇ.

ಹೋಲಿಕೆ ಇದ್ದ ಮಾತ್ರಕ್ಕೂ ಸಾಲದು, ಸಮಾನರ ನಡುವೆ ಹೋಲಿಕೆ ನಡೆಯಬೇಕು. ಸಂರಕ್ಷಿತ ಪ್ರದೇಶಗಳನ್ನು ಜಗತ್ತಿನಾದ್ಯಂತ ಹೆಚ್ಚಾಗಿ ಕಡಿದಾದ, ಎತ್ತರದ, ರಸ್ತೆಯಿಂದ ದೂರದ ನೆಲದಲ್ಲೇ ಗುರುತಿಸಲಾಗಿದೆ. ಅಲ್ಲಿನ ಮರಗಳನ್ನು ಕಡಿಯಲು ಹೇಗೂ ಯಾರೂ ಸುಲಭವಾಗಿ ಹೋಗುವುದಿಲ್ಲ. ಕೋಸ್ಟರಿಕಾದ ಕಾಡುಗಳನ್ನು ಕುರಿತ 2008ರ ಅಧ್ಯಯನವು ಸಂರಕ್ಷಿತ ಕಾಡನ್ನು ಅದರಂಥದೇ ಇಳಿಜಾರು, ಅಷ್ಟೇ ದೂರ ಇರುವ ಹೊರಗಿನ ಕಾಡಿನೊಂದಿಗೆ ಜೋಡಿಸಿ ನೋಡಿತು. ರಕ್ಷಣೆ ಇಲ್ಲದಿದ್ದರೆ ಅದರಲ್ಲಿ ಸುಮಾರು ಶೇ 10ರಷ್ಟು ಕಡಿದು ಹೋಗುತ್ತಿತ್ತು ಎಂದು ಕಂಡಿತು. ಲಾಭ ನಿಜ, ಆದರೆ ಒರಟು ಹೋಲಿಕೆಗಳು ಅದನ್ನು ಇರುವುದಕ್ಕಿಂತ ಶೇ 65ಕ್ಕೂ ಹೆಚ್ಚು ಹಿಗ್ಗಿಸಿ ತೋರಿಸುತ್ತಿದ್ದವು.

ಸದುದ್ದೇಶದ ಕ್ರಮವೇ ಹಾನಿ ಮಾಡಿದ್ದೂ ಉಂಟು. ಮಹಾರಾಷ್ಟ್ರದ ಜುನ್ನರ್ ಭಾಗದಲ್ಲಿ ಚಿರತೆಗಳನ್ನು ಬೋನಿನಲ್ಲಿ ಹಿಡಿದು ದೂರದ ಕಾಡಿಗೆ ಬಿಡುವ ಕೆಲಸ 2001ರಿಂದ ಬಿರುಸಾಯಿತು. ವರ್ಷಕ್ಕೆ ಸರಾಸರಿ 4 ಇದ್ದ ಮಾನವರ ಮೇಲಿನ ದಾಳಿಗಳು 17ಕ್ಕೆ ಏರಿದವು, ಚಿರತೆಗಳನ್ನು ಬಿಟ್ಟ ಕಾಡುಗಳ ಸಮೀಪದಲ್ಲೂ ದಾಳಿ ಶುರುವಾಯಿತು. ದಾಳಿಗಳ ಲೆಕ್ಕವನ್ನು ಹಾಕದೇ ಇದ್ದಿದ್ದರೆ, ಹಿಡಿದ ಚಿರತೆಗಳ ಸಂಖ್ಯೆಯೇ ಸಾಧನೆ ಎನ್ನಿಸಿಕೊಳ್ಳುತ್ತಿತ್ತು.

ಇಷ್ಟಾದರೂ ಸಂರಕ್ಷಣೆಯೇ ವ್ಯರ್ಥ ಎಂದುಕೊಳ್ಳಬೇಡಿ. 186 ಅಧ್ಯಯನಗಳ 665 ಪ್ರಯೋಗಗಳನ್ನು ಒಟ್ಟುಗೂಡಿಸಿದ 2024ರ ವಿಶ್ಲೇಷಣೆಯಲ್ಲಿ, ಸುಮಾರು ಮೂರನೇ ಎರಡರಷ್ಟು ಕಡೆ ಸಂರಕ್ಷಣಾ ಕ್ರಮವು ಜೀವಿಗಳ ಸ್ಥಿತಿಯನ್ನು ಸುಧಾರಿಸಿತ್ತು, ಇಲ್ಲವೇ ಕುಸಿತವನ್ನಾದರೂ ನಿಧಾನಗೊಳಿಸಿತ್ತು. ಅಲ್ಲಿ ಹೋಲಿಸಿದ್ದು ಏನೂ ಮಾಡದೆ ಬಿಟ್ಟ ಸ್ಥಿತಿಯೊಂದಿಗೆ. ಯಾವ ಕ್ರಮಕ್ಕೆ ಎಷ್ಟು ಪುರಾವೆ ಇದೆ ಎಂಬ ಮಾಹಿತಿಯನ್ನು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ‘ಕನ್ಸರ್ವೇಶನ್ ಎವಿಡೆನ್ಸ್’ ಯೋಜನೆ ಸಂಗ್ರಹಿಸಿ ಎಲ್ಲರಿಗೂ ಉಚಿತವಾಗಿ ಕೊಡುತ್ತಿದೆ. ಸೋತ ಕ್ರಮಗಳೂ ಅಲ್ಲಿ ದಾಖಲಾಗುತ್ತವೆ. ನನಗೆ ಅದು ಗೆದ್ದ ಕಥೆಗಳಷ್ಟೇ ಅಮೂಲ್ಯ, ಏಕೆಂದರೆ ಮುಚ್ಚಿಟ್ಟ ಸೋಲಿನ ಮೇಲೆ ಇನ್ನೊಬ್ಬರು ಮತ್ತೆ ಹಣ ಸುರಿಯುತ್ತಾರೆ.

ಅಳಿವಿನ ಅಂಚಿನಲ್ಲಿರುವ ಪ್ರಾಣಿಗೆ ಪುರಾವೆ ಸಿಗುವವರೆಗೆ ಕಾಯಿರಿ ಎನ್ನಲಾಗದು. ಕೂಡಲೇ ಕೆಲಸ ಶುರುವಾಗಲಿ. ಆದರೆ ಹಣವಾಗಲೀ ಸಿಬ್ಬಂದಿಯಾಗಲೀ ಹೇಗೂ ಎಲ್ಲೆಡೆಗೆ ಒಮ್ಮೆಲೇ ಸಾಲುವುದಿಲ್ಲವಲ್ಲ. ಯಾವ ಜಾಗಕ್ಕೆ ಮೊದಲು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ, ಎಲ್ಲ ಜಾಗಗಳಲ್ಲೂ ಆರಂಭಕ್ಕೆ ಮುನ್ನವೇ ಎಣಿಕೆ ಮಾಡಿಕೊಂಡರೆ, ಮುಂದಿನ ವರ್ಷ ಸರದಿ ಬರುವ ಜಾಗಗಳೇ ಈ ವರ್ಷದ ಹೋಲಿಕೆಗೆ ಒದಗುತ್ತವೆ.