ಇಂಜೆಕ್ಷನ್ ಹಾಕದಿದ್ದರೆ ಡಾಕ್ಟರೇ ಅಲ್ವಾ?

ನಾಯಿಗೆ ಡಾಕ್ಟರನ್ನು ನಮ್ಮ ಜನ ಹೇಗೆ ಆರಿಸುತ್ತಾರೆ ಗೊತ್ತಾ? ಕೈಗುಣ ನೋಡಿ. "ಒಂದೇ ಇಂಜೆಕ್ಷನ್ ಹಾಕಿದ್ರು ರೀ, ಸಂಜೆಗೆಲ್ಲ ಎದ್ದು ಅನ್ನ ತಿಂತು" ಅಂತ ಪಕ್ಕದ ಮನೆಯವರು ಹೇಳಿದರೆ ಮುಗಿಯಿತು, ಆ ಡಾಕ್ಟರು ದೇವರು. ಇನ್ನೊಬ್ಬರು ನಾಯಿಯನ್ನು ಟೇಬಲ್ ಮೇಲೆ ಹತ್ತಿಸಿ, ತುಟಿ ಎತ್ತಿ ಒಸಡಿನ ಬಣ್ಣ ನೋಡಿ, ಹೊಟ್ಟೆ ಒತ್ತಿ, ತೂಕ ಹಾಕಿ, ಹತ್ತು ಪ್ರಶ್ನೆ ಕೇಳಿ, ಕೊನೆಗೆ ರಕ್ತ ಪರೀಕ್ಷೆಗೆ ಬರೆದುಕೊಟ್ಟರೆ ಅವರು ದುಡ್ಡು ಕೀಳುವವರು. ಈ ಮಾತು ಕೇಳಿ ಕೇಳಿ ನಾಯಿ ಡಾಕ್ಟರಾದ ನನಗೆ ಸಾಕಾಗಿದೆ.

ಓದು, ನೋಂದಣಿ ಇವೆಲ್ಲ ಇರಲೇಬೇಕು, ಅದನ್ನು ಉದ್ದ ಮಾಡುವುದಿಲ್ಲ. ಪಶುವೈದ್ಯಕೀಯ ಪದವಿ ಬಿ.ವಿ.ಎಸ್ಸಿ. ಐದೂವರೆ ವರ್ಷದ ಓದು. ಮುಗಿಸಿದವರು 1984ರ ಕಾಯ್ದೆಯ ಪ್ರಕಾರ ಪಶುವೈದ್ಯಕೀಯ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿರಬೇಕು. ಚೀಟಿಯ ಮೇಲೆ ಆ ನೋಂದಣಿ ನಂಬರು ಕಾಣದಿದ್ದರೆ ಕೇಳಿ, ಸಂಕೋಚ ಬೇಡ. ಮರಿ ಮಾರುವ ಅಂಗಡಿಯವನು "ಲಸಿಕೆ ನಾನೇ ಹಾಕ್ತೀನಿ, ಅರ್ಧ ರೇಟು" ಅಂದರೆ ಬೇಡ ಅನ್ನಿ. ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೆ ಇಡಬೇಕು. ಕರೆಂಟ್ ಹೋದಾಗ ಅವನ ಫ್ರಿಜ್ಜಿನಲ್ಲಿ ಏನಾಯಿತು ಅಂತ ಬಾಟಲಿ ನೋಡಿದರೆ ತಿಳಿಯುವುದಿಲ್ಲ.

ಈಗ ಇಂಜೆಕ್ಷನ್ ವಿಷಯ. ನಮ್ಮ ಊರುಗಳಲ್ಲಿ ನಾಯಿಗೆ ಜ್ವರ ಬಂದರೆ ನಾವು ಮೊದಲು ಅನುಮಾನ ಪಡುವ ಕಾಯಿಲೆಗಳಲ್ಲಿ ಉಣ್ಣಿ ಜ್ವರ ಒಂದು. ಆರೋಗ್ಯವಾಗಿರುವ ನಾಯಿಯ ಮೈಯೇ 101, 102 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ, ಹಾಗಾಗಿ ಕೈಯಿಟ್ಟು ನೋಡಿ ಗಾಬರಿಯಾಗಬೇಡಿ. ಆದರೆ ಉಣ್ಣಿ ಜ್ವರದಲ್ಲಿ 104 ದಾಟಬಹುದು. ನಾಯಿ ಮಂಕಾಗಿ ಮೂಲೆ ಹಿಡಿಯುತ್ತದೆ, ಊಟ ಬಿಡುತ್ತದೆ. ಆಗ ಯಾರೋ ಜ್ವರ ಇಳಿಸುವ ಇಂಜೆಕ್ಷನ್ ಒಂದು, ಜೊತೆಗೆ ಸ್ಟೀರಾಯ್ಡ್ ಒಂದು ಹಾಕುತ್ತಾರೆ. ಜ್ವರ ಇಳಿಯುತ್ತದೆ. ಸ್ಟೀರಾಯ್ಡಿಗೆ ಹಸಿವೂ ಜಾಸ್ತಿಯಾಗುತ್ತದೆ. ನಾಯಿ ತಟ್ಟೆ ನೆಕ್ಕುತ್ತದೆ, ಮನೆಯವರಿಗೆ ಖುಷಿ. ರಕ್ತದೊಳಗಿನ ರೋಗ ಮಾತ್ರ ಇದ್ದಲ್ಲೇ ಇದೆ.

ಇನ್ನೊಮ್ಮೆ ಹೇಳುತ್ತೇನೆ, ಯಾಕಂದ್ರೆ ಇಲ್ಲಿಗೆ ಬಂದಾಗಲೇ ಜನ ತಲೆಯಾಡಿಸಿ ಮರೆಯುವುದು. ಜ್ವರ ಇಳಿಸಿದ್ದು ಇಂಜೆಕ್ಷನ್. ಕಾಯಿಲೆ ಹೋಯಿತಾ ಅನ್ನುವುದು ಬೇರೆ ಲೆಕ್ಕ. ಸೂರು ಸೋರುವಾಗ ಕೆಳಗೆ ಬಕೆಟ್ ಇಟ್ಟರೆ ನೆಲ ಒಣಗಿರುತ್ತದೆ, ಮೇಲಿನ ತೊಲೆ ನೆನೆಯುತ್ತಲೇ ಇರುತ್ತದೆ. ಉಣ್ಣಿಯಿಂದ ಬರುವುದು ಎರ್ಲಿಕಿಯ ಅನ್ನುವ ಬ್ಯಾಕ್ಟೀರಿಯಾ ಆದರೆ ಡಾಕ್ಸಿಸೈಕ್ಲಿನ್ ಮಾತ್ರೆ, ಅದೂ ಸಾಮಾನ್ಯವಾಗಿ ನಾಲ್ಕು ವಾರ. ಬೆಬೀಸಿಯ ಅನ್ನುವ ರಕ್ತದ ಪರೋಪಜೀವಿ ಆದರೆ ಔಷಧವೇ ಬೇರೆ. ಕೆಲವು ನಾಯಿಗಳಿಗೆ ಎರಡೂ ಇರುತ್ತವೆ. ಯಾವುದು ಅಂತ ನೋಡಲು ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಸವರಿ ಮೈಕ್ರೋಸ್ಕೋಪಿನಲ್ಲಿ ನೋಡಬೇಕು, ಪ್ಲೇಟ್‌ಲೆಟ್ ಎಷ್ಟಿದೆ ಅಂತ ಎಣಿಸಬೇಕು. ಸ್ಲೈಡಿನಲ್ಲಿ ಕಾಣಲಿಲ್ಲ ಅಂದ ಮಾತ್ರಕ್ಕೆ ರೋಗ ಇಲ್ಲ ಅಂತಲೂ ಅಲ್ಲ, ಇನ್ನೊಂದು ಪರೀಕ್ಷೆ ಬೇಕಾಗಬಹುದು. ಅದಕ್ಕೇ ನಾವು ಬರೆದುಕೊಡುವುದು. ಸುಮ್ನೆ ಅಲ್ಲ.

ಸ್ಟೀರಾಯ್ಡೇ ವಿಷ ಅಂತ ನಾನು ಹೇಳುತ್ತಿಲ್ಲ. ಕೆಲವು ಕೇಸಿಗೆ ಅದೇ ಬೇಕು, ನಾನೂ ಕೊಡುತ್ತೇನೆ. ಯಾಕೆ ಕೊಟ್ಟೆ, ಎಷ್ಟು ದಿನ ಅನ್ನುವುದು ಚೀಟಿಯಲ್ಲಿರಬೇಕು, ಅಷ್ಟೇ.

ಚೀಟಿ ಅಂದೆನಲ್ಲ. ಒಂದು ಲ್ಯಾಬ್ರಡಾರ್ ಬಂದಿತ್ತು, ಹಿಂಗಾಲು ಎಳೆಯುತ್ತಿತ್ತು. ನನಗಿಂತ ಮೊದಲು ಇಬ್ಬರು ನೋಡಿದ್ದರು.

"ಏನು ಇಂಜೆಕ್ಷನ್ ಹಾಕಿದ್ರು ಸಾರ್?"

"ಸಣ್ಣ ಬಾಟ್ಲಿ ಡಾಕ್ಟ್ರೇ, ಬಿಳಿ ಮುಚ್ಚಳ."

ಚೀಟಿ ಇಲ್ಲ. ಮೊದಲನೆಯವರಿಗೆ ಫೋನ್ ಮಾಡಿಸಿದೆ. ಅವರು ಹಾಕಿದ್ದು ಸ್ಟೀರಾಯ್ಡ್. ಮರುದಿನ ಎರಡನೆಯವರು ನೋವಿನ ಮಾತ್ರೆ ಕೊಟ್ಟಿದ್ದರು, ಅವರಿಗೆ ಮೊದಲಿನದು ಗೊತ್ತಿಲ್ಲ. ಅವರ ಮೇಲೆ ತಪ್ಪು ಹೊರಿಸಲಾರೆ, ಯಾರೂ ಹೇಳಿಯೇ ಇರಲಿಲ್ಲ. ಈ ಎರಡು ಔಷಧ ಒಟ್ಟಿಗೆ ಸೇರಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗಬಹುದು. ಮಲ ಆಗಲೇ ಡಾಂಬರಿನ ಬಣ್ಣಕ್ಕೆ ತಿರುಗಿತ್ತು. ಕಾಲು ನೋವಿಗೆ ಬಂದ ನಾಯಿಗೆ ನಾವು ಹೊಟ್ಟೆಯ ತೊಂದರೆಗೆ ಡ್ರಿಪ್ ಹಾಕಿಕೊಂಡು ಕೂತೆವು. ಉಳಿಯಿತು, ಗಟ್ಟಿ ಪಿಂಡ. ಡಾಕ್ಟರನ್ನು ಬದಲಾಯಿಸಿ, ಬೇಜಾರಿಲ್ಲ. ಹಳೆಯ ಚೀಟಿ ಬಚ್ಚಿಡಬೇಡಿ. "ಹೇಳಿದ್ರೆ ನೀವು ಬೇಜಾರು ಮಾಡ್ಕೋತೀರ ಅಂತ" ಅನ್ನುವವರಿದ್ದಾರೆ! ನಾವೇನು ಹೆಣ್ಣು ನೋಡಲು ಬಂದ ಬೀಗರಾ?

ಒಳ್ಳೆಯವರೂ ಬರುತ್ತಾರೆ. ಒಬ್ಬ ಅಜ್ಜಿ ತಮ್ಮ ಮುಧೋಳ ನಾಯಿಯನ್ನು ತರುವಾಗ ಮೊಮ್ಮಗಳ ಹಳೆಯ ನೋಟ್ ಬುಕ್ಕೂ ತರುತ್ತಾರೆ. ಯಾವತ್ತು ವಾಂತಿ, ಯಾವತ್ತು ಹುಲ್ಲು ತಿಂತು, ಯಾವ ಮಾತ್ರೆ ಉಗಿಯಿತು, ಎಲ್ಲ ಅದರಲ್ಲಿದೆ. ಅವರಿಗೆ ಯಾರೋ "ನಾಯಿ ಸೊರಗಿದೆ, ಪಕ್ಕೆಲುಬು ಕಾಣ್ತಿದೆ, ಟಾನಿಕ್ ಕುಡಿಸಿ" ಅಂದಿದ್ದರಂತೆ. "ನಮ್ಮೂರಲ್ಲಿ ಎಲ್ಲ ಹಿಂಗೇ ಇರ್ತಾವಪ್ಪ" ಅಂದರು ಅಜ್ಜಿ. ಅವರದೇ ಸರಿ. ಮುಧೋಳ ಓಡುವ ಜಾತಿ, ಒಂದಿಷ್ಟು ಪಕ್ಕೆಲುಬು ಕಾಣುವುದೇ ಅದರ ಲಕ್ಷಣ. ಮೈಯಲ್ಲಿ ಕೊಬ್ಬು ಕಮ್ಮಿ ಇರುವುದರಿಂದ ಇಂಥ ನಾಯಿಗಳಿಗೆ ಕೆಲವು ಅರಿವಳಿಕೆ ಔಷಧಗಳ ಮಂಪರು ಇಳಿಯಲು ಜಾಸ್ತಿ ಹೊತ್ತು ಹಿಡಿಯುತ್ತದೆ. ಆಪರೇಷನ್ ಇದ್ದರೆ ಡಾಕ್ಟರಿಗೆ ಈ ಜಾತಿಯ ಅಭ್ಯಾಸ ಇದೆಯಾ ಅಂತ ಕೇಳುವುದರಲ್ಲಿ ತಪ್ಪಿಲ್ಲ. "ಇದು ನನ್ನಿಂದ ಆಗಲ್ಲ, ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ತಗೊಂಡು ಹೋಗಿ" ಅನ್ನುವ ಡಾಕ್ಟರು ಸಿಕ್ಕರೆ ಬಿಡಬೇಡಿ. ಶಿವಮೊಗ್ಗ, ಹಾಸನ, ಬೀದರ್ ಕಡೆಯವರಿಗೆ ಅಲ್ಲೂ ಕಾಲೇಜುಗಳಿವೆ.

ಇಷ್ಟನ್ನೂ ನಾಯಿ ಚೆನ್ನಾಗಿರುವಾಗಲೇ ನೋಡಿಕೊಳ್ಳಿ. ಲಸಿಕೆಗೆ ಹೋದ ದಿನವೇ "ರಾತ್ರಿ ಏನಾದ್ರೂ ಆದ್ರೆ ಎಲ್ಲಿಗೆ ಹೋಗ್ಲಿ?" ಅಂತ ಕೇಳಿ. ಡಾಕ್ಟರು ರಾತ್ರಿಯೆಲ್ಲ ಎದ್ದಿರಬೇಕು ಅಂತಲ್ಲ, ನಮಗೂ ಮನೆಯಿದೆ. ಎಲ್ಲಿಗೆ ಅಂತ ಹೇಳಬೇಕು. ಜರ್ಮನ್ ಶೆಫರ್ಡ್, ಗ್ರೇಟ್ ಡೇನ್ ತರದ ಎದೆ ಆಳವಾಗಿರುವ ದೊಡ್ಡ ನಾಯಿ ಸಾಕಿದವರಂತೂ ಆ ಜಾಗದ ನಂಬರು ಫೋನಿನಲ್ಲಿ ಇಟ್ಟುಕೊಂಡಿರಿ. ಹೊಟ್ಟೆ ಊದಿ, ವಾಂತಿಗೆ ಬಂದ ಹಾಗೆ ಓಕರಿಸಿದರೂ ಏನೂ ಹೊರಬರದಿದ್ದರೆ ಜಠರ ತಿರುಚಿಕೊಂಡಿರಬಹುದು. ಅದಕ್ಕೆ ಬೆಳಗಿನ ತನಕ ಟೈಮ್ ಇರುವುದಿಲ್ಲ. ನನಗೆ ವಾಟ್ಸಾಪಿನಲ್ಲಿ ವಿಡಿಯೋ ಕಳಿಸಿ ನೀಲಿ ಟಿಕ್ ಬರಲಿ ಅಂತ ಕಾಯುತ್ತಾ ಕೂರಬೇಡಿ, ಗಾಡಿ ತೆಗೆಯಿರಿ.